ಉಳಿತಾಯ ಬಜೆಟ್ ಅಂತಾರೆ, ಉಳಿದ ರೊಕ್ಕ ಎಲ್ಲಿದೆ? 2026-27ರ ನಗರಸಭೆ ಬಜೆಟ್ ಬಗ್ಗೆ ಮಾತಾಡೋಣ

ಬಸ್‌ಸ್ಟ್ಯಾಂಡ್ ಹಿಂದಿನವ

ಎಲ್ಲರಿಗೂ ನಮಸ್ಕಾರ ರೀ. ಮುಂದಿನ ವಾರ ನಮ್ಮ ನಗರಸಭೆಯಲ್ಲಿ ಬಜೆಟ್ ಪೂರ್ವಭಾವಿ ಸಭೆ ಇದೆ. ಯಾದಗಿರಿ ಜಿಲ್ಲೆಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಅಂತ ಮೂರು ನಗರಸಭೆ ಇವೆ. ನಮ್ಮದು ಯಾವುದು ಅಂತ ಇಲ್ಲಿ ಬರೆಯೋದು ಬೇಡ, ಅಧಿಕಾರಿಗಳ ಹೆಸರೂ ಬೇಡ. ಹೆಸರು ಬಂತು ಅಂದರೆ ಬಜೆಟ್ ಪಕ್ಕಕ್ಕೆ ಹೋಗಿ ಜಗಳ ಶುರುವಾಗುತ್ತೆ. ಹೋದ ಸಲ ಆಯ್ತಲ್ಲ.

ಕಳೆದ ವರ್ಷದ ಸಭೆಗೆ ನಾನು ಹೋಗಿದ್ದೆ. ಬಾಗಿಲಲ್ಲೇ ಒಂದು ದಪ್ಪ ಪುಸ್ತಕ ಕೈಗೆ ಕೊಟ್ಟರು. ಒಳಗೆ ಸುಸಲಾ, ಮಿರ್ಚಿ ಭಜಿ, ಚಹಾ. ನಾನು ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಮಿರ್ಚಿ ಖಾಲಿ, ಏಳನೇ ಪುಟಕ್ಕೆ ಬರುವಷ್ಟರಲ್ಲಿ ಸಭೆನೇ ಖಾಲಿ. "ಉಳಿತಾಯ ಬಜೆಟ್" ಅಂತ ಓದಿದರು, ಚಪ್ಪಾಳೆ ಬಿತ್ತು. ಮುಂದೆ ಬೇಸಿಗೆಯಲ್ಲಿ ನಮ್ಮ ಓಣಿಯ ಬೋರಿನ ಮೋಟರ್ ಸುಟ್ಟಿತು. ರೀವೈಂಡಿಂಗ್ ಮಾಡಿಸೋಕೆ ರೊಕ್ಕ ಇಲ್ಲ ಅಂದರು. 18 ದಿನ ಮನೆಮಂದಿಯೆಲ್ಲ ಕೊಡ ಹೊತ್ತೆವು. ಉಳಿತಾಯ ಇದ್ದ ಮೇಲೆ ಒಂದು ಮೋಟರಿಗೆ ಯಾಕೆ ರೊಕ್ಕ ಇರಲಿಲ್ಲ? ಇದು ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಈ ವರ್ಷ ಅಂತೂ ಕೇಳಲೇಬೇಡಿ. 2025ರ ಸೆಪ್ಟೆಂಬರ್ ಕೊನೆಗೆ ಭೀಮೆ ಉಕ್ಕಿ ಬಂದು ದಂಡೆ ಮೇಲಿನ ಹೊಲ ಹೋದವು. ಊರಲ್ಲಿ ವ್ಯಾಪಾರ ಸುಸ್ತು ಹೊಡೆದಿದೆ. ಇಂಥ ಹೊತ್ತಲ್ಲಿ ಒಂದು ಸಣ್ಣ ಊರು ಬಜೆಟ್ ಹೇಗೆ ಮಾಡಬೇಕು? ಗೊತ್ತಿರೋರು ಬಿಡಿಸಿ ಹೇಳಿ.

ಗಂಜ್ ಅಂಗಡಿ

ವ್ಯಾಪಾರ ಸುಸ್ತು ಅಲ್ಲ ತಮ್ಮಾ, ಮಲಗೇಬಿಟ್ಟಿದೆ. ತೊಗರಿಗೆ ಈ ಸಲ (2025-26) ಬೆಂಬಲ ಬೆಲೆ ಕ್ವಿಂಟಲ್‌ಗೆ 8,000. ಗಂಜ್ ಮಾರುಕಟ್ಟೆಗೆ ಬಂದು ಸವಾಲು ಕೂಗೋದನ್ನು ಕೇಳು, ಅಷ್ಟಕ್ಕೆ ಏರೋದೇ ಇಲ್ಲ. ಹತ್ತಿಗೆ ಇದ್ದ 11% ಆಮದು ಸುಂಕವನ್ನು ಆಗಸ್ಟ್ 19ರಿಂದ ಡಿಸೆಂಬರ್ ಕೊನೆವರೆಗೆ ತೆಗೆದರು. ಸರಿಯಾಗಿ ನಮ್ಮ ಹತ್ತಿ ಬಿಡಿಸೋ ಹೊತ್ತಿಗೆ. ರೈತನ ಜೇಬಲ್ಲಿ ರೊಕ್ಕ ಇಲ್ಲ ಅಂದರೆ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಹೋಟೆಲ್ ಎಲ್ಲಾ ಖಾಲಿ ಖಾಲಿ. ಹಾಗಾಗಿ ಈ ವರ್ಷ ತೆರಿಗೆ ಏರಿಸೋದು, ಮಳಿಗೆ ಬಾಡಿಗೆ ಏರಿಸೋದು ಅನ್ನೋ ಮಾತೇ ಬೇಡ. ಅವರು ತಮ್ಮ ಖರ್ಚು ಕಡಿಮೆ ಮಾಡಿಕೊಳ್ಳಲಿ.

ಹಳೇ ಲೆಕ್ಕಿಗ

ತಮ್ಮಾ, ನಿನ್ನ ಮೋಟರ್ ಪ್ರಶ್ನೆ ಸಣ್ಣದಲ್ಲ. ನಾನು ಬೇರೆ ಜಿಲ್ಲೆಯ ಒಂದು ಪುರಸಭೆಯಲ್ಲಿ ಬಹಳ ವರ್ಷ ಲೆಕ್ಕ ಬರೆದು ನಿವೃತ್ತನಾದವ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಗರಸಭೆ ಬಜೆಟ್‌ನಲ್ಲಿ ಮೂರು ಭಾಗ ಇರುತ್ತವೆ. ರಾಜಸ್ವ, ಬಂಡವಾಳ, ಅಸಾಧಾರಣ. ರಾಜಸ್ವ ಅಂದರೆ ವರ್ಷ ವರ್ಷ ಬರೋದು ಹೋಗೋದು: ಮನೆ ಕಂದಾಯ, ನೀರಿನ ಕರ, ಬಾಡಿಗೆ, ಸಂಬಳ, ಕರೆಂಟ್ ಬಿಲ್, ರಿಪೇರಿ. ಬಂಡವಾಳ ಅಂದರೆ ರಸ್ತೆ, ಚರಂಡಿ, ಕಟ್ಟಡ, ಅದಕ್ಕೆ ಬರುವ ಅನುದಾನ. ಅಸಾಧಾರಣ ಅನ್ನೋದು ಹೆಸರಿಗೆ ದೊಡ್ಡದು, ಅದರೊಳಗೆ ಇರೋದೆಲ್ಲ ಬೇರೆಯವರ ರೊಕ್ಕ. ಗುತ್ತಿಗೆದಾರರ ಠೇವಣಿ, ಮಳಿಗೆಯವರ ಠೇವಣಿ, ಸರ್ಕಾರಕ್ಕೆ ಕಟ್ಟಬೇಕಾದ ಕರಗಳು. ನೀವು 1,000 ರೂಪಾಯಿ ಕಂದಾಯ ಕಟ್ಟಿದರೆ ಅದರ ಜೊತೆ 60 ರೂಪಾಯಿ ಗ್ರಂಥಾಲಯ ಕರ, 30 ರೂಪಾಯಿ ಭಿಕ್ಷುಕರ ಕರ ಕಟ್ಟಿರುತ್ತೀರಿ. ಚಲನ್ ತೆಗೆದು ನೋಡಿ. ಆ 90 ರೂಪಾಯಿ ನಗರಸಭೆ ಖಾತೆಗೆ ಬಂದರೂ ನಗರಸಭೆಯದ್ದಲ್ಲ.

ಈಗ ಉಳಿತಾಯಕ್ಕೆ ಬರೋಣ. ಮೂರೂ ಭಾಗದ ಜಮಾ ಕೂಡಿಸಿ, ಆರಂಭದ ಶಿಲ್ಕು, ಅಂದರೆ ವರ್ಷದ ಮೊದಲಲ್ಲಿ ಕೈಯಲ್ಲಿದ್ದ ರೊಕ್ಕ ಸೇರಿಸಿ, ಖರ್ಚು ಕಳೆದರೆ ಬರೋದೇ ಉಳಿತಾಯ. ಅದರಲ್ಲಿ ಅರ್ಧಕ್ಕರ್ಧ ಹಿಂದಿನ ವರ್ಷ ಖರ್ಚಾಗದೆ ಉಳಿದ ಅನುದಾನ ಇರಬಹುದು. ಅದನ್ನು ಮುಟ್ಟುವ ಹಾಗಿಲ್ಲ. ಮಿಕ್ಕಿದ್ದು ಠೇವಣಿ. ಅದನ್ನು ಒಂದಲ್ಲ ಒಂದು ದಿನ ವಾಪಸ್ ಕೊಡಬೇಕು. ನಿನ್ನ ಮೋಟರಿಗೆ ಬೇಕಾದ ರೊಕ್ಕ ರಾಜಸ್ವದಲ್ಲಿ ಇರಬೇಕಿತ್ತು. ಅಲ್ಲಿ ಇರಲಿಲ್ಲ. ಇಷ್ಟೇ ಉತ್ತರ.

ಬಸ್‌ಸ್ಟ್ಯಾಂಡ್ ಹಿಂದಿನವ

ಅಂದರೆ ಮದುವೆಗೆ ಅಂತ ಎತ್ತಿಟ್ಟ ರೊಕ್ಕ, ಪಕ್ಕದ ಮನೆಯವರು ಇಡೋಕೆ ಕೊಟ್ಟ ರೊಕ್ಕ ಎಲ್ಲ ಕೂಡಿಸಿ ನಾವು ಶ್ರೀಮಂತರು ಅಂದಹಾಗೆ.

ಹಳೇ ಲೆಕ್ಕಿಗ

ಹೌದ್ರಿ. ಇನ್ನೊಂದು ಹೇಳ್ತೀನಿ, ನಿವೃತ್ತನಾದ ಮೇಲೆ ಹೇಳೋಕೆ ಹೆದರಿಕೆ ಇಲ್ಲ. ನಾವು ಬಜೆಟ್ ಬರೆಯೋವಾಗ ಮೊದಲು ಖರ್ಚು ಬರೆಯುತ್ತಿದ್ದೆವು. ಪ್ರತಿ ವಾರ್ಡಿಗೂ ಏನಾದರೂ ಹಾಕಲೇಬೇಕು, ಇಲ್ಲಾಂದರೆ ಸದಸ್ಯರು ಬಿಡಲ್ಲ. ಖರ್ಚು ಕೂಡಿಸಿದ ಮೇಲೆ ಆದಾಯ ಕಡಿಮೆ ಬೀಳುತ್ತಿತ್ತು. ಆಗ ಪೆನ್ಸಿಲ್ ತಗೊಂಡು ಆದಾಯದ ಸಾಲುಗಳ ಹತ್ತಿರ ಹೋಗುತ್ತಿದ್ದೆವು. ನೀರಿನ ಕರದಲ್ಲಿ ಹಳೇ ಬಾಕಿ ಪೂರ್ತಿ ಬರುತ್ತೆ ಅಂತ ಒಂದಿಷ್ಟು, ಮಳಿಗೆ ಬಾಡಿಗೆ ಬಾಕಿ ಪೂರ್ತಿ ಬರುತ್ತೆ ಅಂತ ಒಂದಿಷ್ಟು. ಸಂಜೆ ಆರಕ್ಕೆ ಉಳಿತಾಯ ಸಿದ್ಧ. ಒಂದು ರೂಪಾಯಿನೂ ಸುಳ್ಳಲ್ಲ, ಬಾಕಿ ಇರೋದು ನಿಜ. ಅದು ಆ ವರ್ಷ ಬರುತ್ತೆ ಅನ್ನೋದಷ್ಟೇ ಕನಸು.

ಹೈಸ್ಕೂಲ್ ಮೇಡಂ

ಸರ್, ಹೋದ ವರ್ಷದ ಪುಸ್ತಕ ನನ್ನ ಹತ್ತಿರ ಇತ್ತು, ಈಗ ತೆಗೆದು ನೋಡಿದೆ. ಒಂದೊಂದು ಸಾಲಿಗೂ ನಾಲ್ಕು ಕಾಲಂ ಇವೆ. ಹಿಂದಿನ ವರ್ಷದ ನಿಜವಾದ ಲೆಕ್ಕ, ಈ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ನೀರಿನ ಕರದಲ್ಲಿ ಮೊದಲ ಕಾಲಂಗೂ ಕೊನೆಯ ಕಾಲಂಗೂ ಎರಡು ಪಟ್ಟು ವ್ಯತ್ಯಾಸ ಇದೆ! ಊರಲ್ಲಿ ನಲ್ಲಿ ಎರಡು ಪಟ್ಟು ಆಗಿಲ್ಲ, ದರನೂ ಎರಡು ಪಟ್ಟು ಆಗಿಲ್ಲ. ನನ್ನ ಎಂಟನೇ ಕ್ಲಾಸಿನ ಹುಡುಗರು ಕೂಡ ಇದನ್ನು ಹಿಡಿಯುತ್ತಿದ್ದರು.

ಹಳೇ ಲೆಕ್ಕಿಗ

ಮೇಡಂ, ಅದೇ ಕಾಲಂ ನೋಡಬೇಕು. ಸಭೆಯಲ್ಲಿ ಡಿಸಿಬಿ ಕೇಳಿ. ಬೇಡಿಕೆ, ವಸೂಲಿ, ಬಾಕಿ, ಈ ಮೂರರ ತಃಖ್ತೆ ಅದು. ಮೂರು ವರ್ಷದ್ದು ಕೇಳಿ. ಸುಮ್ನೆ ಲೆಕ್ಕಕ್ಕೆ ಹೇಳ್ತೀನಿ: ಹಳೇ ಬಾಕಿ 40 ಲಕ್ಷ, ಈ ವರ್ಷದ ಬೇಡಿಕೆ 60 ಲಕ್ಷ, ಒಟ್ಟು ಒಂದು ಕೋಟಿ ಅಂದುಕೊಳ್ಳಿ. ಮೂರು ವರ್ಷವೂ ಕೈಗೆ ಬಂದದ್ದು 50ರಿಂದ 55 ಲಕ್ಷ ಮಾತ್ರ. ಒಳ್ಳೇ ವರ್ಷದಲ್ಲಿ 55 ಬರೆಯಬೇಕು. ಈ ಸಲದಂಥ ವರ್ಷದಲ್ಲಿ 50, ನನ್ನ ಕೇಳಿದರೆ 45. ಒಂದು ಕೋಟಿ ಬರೆದು, ಅದನ್ನು ನಂಬಿ ಟೆಂಡರ್ ಕರೆದರೆ ಡಿಸೆಂಬರ್‌ಗೆ ಗುತ್ತಿಗೆದಾರ ಬಿಲ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಆಗ ರಿಪೇರಿ ರೊಕ್ಕ ಅವನಿಗೆ ಹೋಗುತ್ತೆ.

ಬೆಂಗಳೂರಲ್ಲಿರುವವ

ಊರಿನ ಸುದ್ದಿ ಓದಿ ಬೇಜಾರಾಯ್ತು. ಆದರೆ ಒಂದು ಪ್ರಶ್ನೆ. ಕಲ್ಯಾಣ ಕರ್ನಾಟಕ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಅಂತ ಬಜೆಟ್‌ನಲ್ಲಿ ಹೇಳ್ತಾರಲ್ಲ. ಅದರಲ್ಲಿ ನಮ್ಮೂರಿಗೆ ಒಂದು ಮೋಟರ್ ಸಿಗಲ್ವಾ?

ಹಳೇ ಲೆಕ್ಕಿಗ

ಹೊಸ ಮೋಟರ್ ಸಿಗಬಹುದು, ಸುಟ್ಟ ಮೋಟರ್ ರಿಪೇರಿಗೆ ಸಿಗಲ್ಲ. ಸಂವಿಧಾನದಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಬಂದ ಮೇಲೆ ಈ ಭಾಗಕ್ಕೆ ಅನುದಾನ ಜಾಸ್ತಿ ಆಗಿದೆ, ಅದನ್ನು ಅಲ್ಲಗಳೆಯಲ್ಲ. ಶಾಲೆ ಕೋಣೆ, ರಸ್ತೆ, ಆಸ್ಪತ್ರೆ ಕಟ್ಟಡ ಕಣ್ಣಿಗೆ ಕಾಣುತ್ತವೆ. ಆದರೆ ಆ ರೊಕ್ಕ ಮುಖ್ಯವಾಗಿ ಕಟ್ಟೋದಕ್ಕೆ. ಕಟ್ಟಿದ್ದನ್ನು ನಡೆಸೋದು ಊರಿನ ಜೇಬಿಂದ. ಒಂದು ಪಾರ್ಕ್ ಕೊಟ್ಟರೆ ಮಾಲಿ ಬೇಕು, ನೀರು ಬೇಕು, ದೀಪ ಬೇಕು, ಕಾರಂಜಿಗೆ ಮೋಟರ್ ಬೇಕು. ಮದುವೆಯಲ್ಲಿ ಆನೆ ಉಡುಗೊರೆ ಬಂದಂಗೆ. ಖುಷಿಯೇ, ಆದರೆ ದಿನಾ ಮೇವು ಯಾರು ಹಾಕೋರು?

ನನ್ನ ಆಸೆ ಏನಂದರೆ, ಯಾವುದೇ ಹೊಸ ಕಾಮಗಾರಿ ಬಜೆಟ್‌ಗೆ ಬಂದಾಗ ಅದರ ಪಕ್ಕದಲ್ಲೇ "ವರ್ಷಕ್ಕೆ ನಡೆಸುವ ಖರ್ಚು ಇಷ್ಟು" ಅಂತ ಇನ್ನೊಂದು ಅಂಕಿ ಬರೆಯಬೇಕು. ನಾನು ಇದ್ದಾಗ ಎರಡು ಸಲ ಹೇಳಿ ನೋಡಿದೆ. ನಕ್ಕರು.

ನೀರಿನ ಕೆಲಸದವ

ಹೆಸರು ಕೇಳಬೇಡಿ, ನಾನು ನೀರು ಸರಬರಾಜು ಕಡೆ ಹೊರಗುತ್ತಿಗೆಯಲ್ಲಿ ಇದ್ದೀನಿ. ಎಲ್ಲಿ ಅಂತನೂ ಕೇಳಬೇಡಿ. ಸಂಬಳ ಬಿಟ್ಟರೆ ಊರಿನ ರೊಕ್ಕ ಜಾಸ್ತಿ ಹೋಗೋದು ಕರೆಂಟಿಗೆ. ಅದನ್ನು ಯಾರೂ ಮಾತಾಡಲ್ಲ, ಯಾಕಂದರೆ ಅದಕ್ಕೆ ಗುದ್ದಲಿ ಪೂಜೆ ಇಲ್ಲ.

100 ಎಚ್‌ಪಿ ಪಂಪ್ ಒಂದು ಗಂಟೆ ಓಡಿದರೆ ಹತ್ತಿರ ಹತ್ತಿರ 75 ಯೂನಿಟ್. ದಿನಕ್ಕೆ 16 ತಾಸು ಓಡಿಸಿದರೆ 1,200 ಯೂನಿಟ್ ಸಮೀಪ. ಈಗ ಆ ನೀರು ಎಲ್ಲಿ ಹೋಗುತ್ತೆ ನೋಡಿ. ರಾತ್ರಿ ಎರಡಕ್ಕೆ ಮೇಲಿನ ಟ್ಯಾಂಕ್ ತುಂಬಿ ಹರಿಯುತ್ತೆ, ಕೆಳಗೆ ಫೋನ್ ಎತ್ತೋಕೆ ಯಾರೂ ಎಚ್ಚರ ಇರಲ್ಲ. ಮುಖ್ಯ ಪೈಪಿನ ವಾಲ್ವ್ ಚೇಂಬರ್‌ನಲ್ಲಿ ಗ್ಲ್ಯಾಂಡ್ ಹಾಳಾಗಿ ಯಾವಾಗಲೂ ಸೋರುತ್ತೆ. ಅಲ್ಲಿ ಎಮ್ಮೆಗಳು ಬಂದು ನೀರು ಕುಡಿದು ಹೋಗುತ್ತವೆ, ಅವಕ್ಕೆ ಟೈಮ್ ಗೊತ್ತು. ಆ ಗ್ಲ್ಯಾಂಡ್‌ಗೆ ಬೇಕಾದದ್ದು ಒಂದಿಷ್ಟು ಎಣ್ಣೆ ಹಗ್ಗ, ನಾಲ್ಕು ಬೋಲ್ಟ್, ಅರ್ಧ ದಿನದ ಕೆಲಸ. ಇಂಥವನ್ನೆಲ್ಲ ಸರಿ ಮಾಡಿ ಪಂಪ್ ದಿನಕ್ಕೆ ಎರಡು ತಾಸು ಕಡಿಮೆ ಓಡಿಸಿದರೂ ವರ್ಷಕ್ಕೆ 54,000 ಯೂನಿಟ್ ಉಳಿಯುತ್ತೆ. ಒಂದೇ ಪಂಪಿನ ಲೆಕ್ಕ ಇದು.

ಮಳೆಗಾಲದಲ್ಲಿ ಇನ್ನೊಂದು ಖರ್ಚು. ಹೊಳೆ ನೀರು ಕೆಂಪಾದರೆ ಅದನ್ನು ತಿಳಿ ಮಾಡೋ ಆಲಂ (ಪಟಿಕ) ಜಾಸ್ತಿ ಹಾಕಬೇಕು. ಈ ಸಲ ಪ್ರವಾಹದಲ್ಲಿ ನೀರು ತಿಳಿಯಾಗೋಕೇ ಬಹಳ ದಿನ ಬೇಕಾಯ್ತು. ಸ್ಟಾಕ್ ಬೇಗ ಮುಗಿಯಿತು, ಅರ್ಜೆಂಟಲ್ಲಿ ತಂದರೆ ದರ ಬೇರೆ. ಇದಕ್ಕೆ ಅಂತ ಮುಂಚೆನೇ ಸ್ವಲ್ಪ ಎತ್ತಿಡಬೇಕಲ್ವಾ?

ಗಂಜ್ ಅಂಗಡಿ

ನಮ್ಮ ರಸ್ತೆಯಲ್ಲಿ ಬೀದಿ ದೀಪ ಮಧ್ಯಾಹ್ನ 12ಕ್ಕೂ ಉರಿಯುತ್ತೆ. ಸೂರ್ಯನಿಗೆ ದಾರಿ ತೋರಿಸೋಕೆ ಇರಬೇಕು.

ಕಾಲೇಜ್ ಹುಡುಗ

ನನ್ನದೊಂದು ಡೌಟ್. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಸಿದರಲ್ಲ, ಅದರಿಂದ ನಗರಸಭೆಗೆ ಏನಾದರೂ ಏಟು ಇದೆಯಾ? ನಗರಸಭೆಗೆ ಜಿಎಸ್‌ಟಿ ಬರಲ್ಲ ಅಲ್ವಾ?

ಹಳೇ ಲೆಕ್ಕಿಗ

ನೇರವಾಗಿ ಬರಲ್ಲ. ಹಿಂದೆ ಊರಿಗೆ ಬರುವ ಸಾಮಾನಿನ ಮೇಲೆ ಆಕ್ಟ್ರಾಯ್ ಇತ್ತು, ನಾಕಾದಲ್ಲಿ ಗಾಡಿ ನಿಲ್ಲಿಸಿ ವಸೂಲಿ ಮಾಡುತ್ತಿದ್ದರು. ನಮ್ಮ ರಾಜ್ಯದಲ್ಲಿ ಅದು 1979ರಲ್ಲಿ ಹೋಯಿತು. ಆಗಿನಿಂದ ಊರು ಸರ್ಕಾರದ ಕೈ ನೋಡುವಂತಾಯಿತು. ಈಗ ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗದ) ಅನುದಾನ ಅಂತ ಬರೋದು ರಾಜ್ಯದ ಸ್ವಂತ ಆದಾಯದಲ್ಲಿನ ಪಾಲು. ರಾಜ್ಯದ ಹುಂಡಿಗೆ ಕಡಿಮೆ ಬಿದ್ದರೆ ನಮ್ಮ ಪಾಲೂ ಕುಗ್ಗುತ್ತೆ, ಇಲ್ಲವೇ ತಡವಾಗಿ ಬರುತ್ತೆ. ತಡ ಆಗೋದು ಕಡಿಮೆ ಆಗೋದಕ್ಕಿಂತ ಕೆಟ್ಟದ್ದು. ಪೌರಕಾರ್ಮಿಕರ ಸಂಬಳ ತಡ ಮಾಡೋಕೆ ಆಗಲ್ಲವಲ್ಲ.

ಕೇಂದ್ರದ್ದು ಇನ್ನೊಂದು ಕಥೆ. ಕೇಂದ್ರದ ರೊಕ್ಕದಲ್ಲಿ ರಾಜ್ಯಗಳಿಗೆ, ಊರುಗಳಿಗೆ ಎಷ್ಟು ಅಂತ ಹೇಳೋದು ಹಣಕಾಸು ಆಯೋಗ. 15ನೇ ಆಯೋಗದ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುತ್ತೆ. 16ನೇ ಆಯೋಗದ ವರದಿ 2025ರ ನವೆಂಬರ್ 17ರಂದು ರಾಷ್ಟ್ರಪತಿಗಳ ಕೈ ಸೇರಿದೆ, ಅದು ಏಪ್ರಿಲ್‌ನಿಂದ ಐದು ವರ್ಷಕ್ಕೆ. ನಾವು ಬಜೆಟ್ ಬರೆಯೋಕೆ ಕೂತಿರೋದು ಸರಿಯಾಗಿ ಈ ಎರಡರ ನಡುವೆ. ಹಳೇ ಅಂಕಿಯನ್ನೇ ಎತ್ತಿ ಹೊಸ ವರ್ಷಕ್ಕೆ ಬರೆದರೆ ಗಾಳಿಗೆ ಗೂಟ ಹೊಡೆದಂಗೆ.

ಗಂಜ್ ಅಂಗಡಿ

ರಾಜ್ಯದ ಹುಂಡಿ ಖಾಲಿ ಆಗಿದ್ದು ಯಾಕೆ ಅಂತನೂ ಹೇಳ್ರಿ ಸರ್. ಗ್ಯಾರಂಟಿ...

ಬಸ್‌ಸ್ಟ್ಯಾಂಡ್ ಹಿಂದಿನವ

ಅಣ್ಣಾ, ಆ ದಾರಿಗೆ ಹೋಗೋದು ಬೇಡ. ಒಬ್ಬರು ಗ್ಯಾರಂಟಿ ಅಂತಾರೆ, ಇನ್ನೊಬ್ಬರು ಕೇಂದ್ರದ ಪಾಲು ಅಂತಾರೆ, ನಾಳೆ ಬೆಳಗ್ಗೆವರೆಗೂ ಮುಗಿಯಲ್ಲ. ಅದಕ್ಕೆ ಬೇರೆ ಜಾಗ ಇದೆ.

ಕಾಲೇಜ್ ಹುಡುಗ

ಹಣಕಾಸು ಆಯೋಗದ ರೊಕ್ಕದಲ್ಲಿ ಕರೆಂಟ್ ಬಿಲ್ಲಿಗೆ, ಸಂಬಳಕ್ಕೆ ಕೊಡಬಹುದಾ?

ಹಳೇ ಲೆಕ್ಕಿಗ

ಸಂಬಳ, ಕಚೇರಿ ಖರ್ಚಿಗೆ ಇಲ್ಲ. 15ನೇ ಆಯೋಗದಲ್ಲಿ ನಮ್ಮಂಥ ಊರುಗಳಿಗೆ 60 ಭಾಗ ಕಟ್ಟಿಹಾಕಿದ ರೊಕ್ಕ. 30 ಸ್ವಚ್ಛತೆಗೆ, 30 ಕುಡಿಯುವ ನೀರಿಗೆ. ಉಳಿದ 40 ಮಾತ್ರ ಊರಿನ ಇಷ್ಟ. ಇದು ಬಿಟ್ಟು ಊರಿನ ನಿಧಿಯಲ್ಲೂ ಎತ್ತಿಡಲೇಬೇಕಾದ ಪಾಲುಗಳಿವೆ. ಪರಿಶಿಷ್ಟರಿಗೆ 24.10%, ಇತರೆ ಬಡವರಿಗೆ 7.25%, ಅಂಗವಿಕಲರಿಗೆ 5%. ಕಷ್ಟದ ವರ್ಷ ಅಂತ ಇವಕ್ಕೆ ಕತ್ತರಿ ಹಾಕೋ ಮಾತು ಸಭೆಯಲ್ಲಿ ಯಾರಾದರೂ ಎತ್ತುತ್ತಾರೆ, ಪ್ರತಿ ಸಲ ಎತ್ತುತ್ತಾರೆ. ಅದು ಆಗೋದಿಲ್ಲ, ಆಗಲೂಬಾರದು.

ಸಂಘದ ಅಕ್ಕ

ಎಲ್ಲಾ ಓದಿದೆ. ನನಗೆ ಇಷ್ಟೆಲ್ಲ ಲೆಕ್ಕ ತಿಳಿಯಲ್ಲ, ಒಂದು ಮಾತು ಹೇಳ್ತೀನಿ. ನಮ್ಮ ಸಂಘದಲ್ಲಿ 14 ಹೆಣ್ಣುಮಕ್ಕಳು ಇದ್ದೀವಿ. ವಾರಕ್ಕೊಮ್ಮೆ ಕಂತು ಕಟ್ತೀವಿ. ಮನೆಯಲ್ಲಿ ಜ್ವರ ಬಂದರೂ ಕಂತು ತಪ್ಪಲ್ಲ. ಅದೇ ಹೆಣ್ಣುಮಕ್ಕಳ ಮನೆಯಲ್ಲಿ ನೀರಿನ ಕರ ಎರಡು ಮೂರು ವರ್ಷದ್ದು ಬಾಕಿ. ಯಾಕೆ ಗೊತ್ತಾ? ಬಿಲ್ ಕಲೆಕ್ಟರ್ ಬರೋದು ಫೆಬ್ರವರಿ ಮಾರ್ಚ್‌ನಲ್ಲಿ. ಬಂದವರೇ ಎಲ್ಲಾ ಸೇರಿಸಿ ಒಟ್ಟಿಗೆ ಕೇಳ್ತಾರೆ. ಒಟ್ಟಿಗೆ ಎಲ್ಲಿಂದ ತರೋದು? ನಮ್ಮ ಓಣಿಯಲ್ಲಿ ಅರ್ಧ ಮನೆಗೆ ಆಗ ಬೀಗ. ದೀಪಾವಳಿ ಆದ ಮೇಲೆ ಬೆಂಗಳೂರು, ಮುಂಬೈ, ಹೈದರಾಬಾದ್ ಅಂತ ಗುಳೆ ಹೋಗಿರ್ತಾರೆ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೇಳಿದರೆ ಕಟ್ತೀವಿ. ನಾವು ಕೊಡಲ್ಲ ಅಂತ ಎಂದೂ ಅಂದಿಲ್ಲ.

ಹೈಸ್ಕೂಲ್ ಮೇಡಂ

ಅಕ್ಕಾ, ನೀವು ಹೇಳಿದ್ದು ಇಲ್ಲಿವರೆಗಿನ ಎಲ್ಲಾ ಮಾತಿಗಿಂತ ಮುಖ್ಯ ಅನಿಸ್ತು. ಗುಳೆ ಹೋಗೋದು ನಮಗೆ ಶಾಲೆಯಲ್ಲೇ ಗೊತ್ತಾಗುತ್ತೆ, ಡಿಸೆಂಬರ್‌ನಲ್ಲಿ ಬೆಂಚು ಖಾಲಿ ಆಗುತ್ತವೆ. ಮನೆ ಕಂದಾಯಕ್ಕೆ ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ ಇದೆ. ಆದರೆ ಅದರ ಪ್ರಚಾರ ಊರಿಗೆ ಮುಟ್ಟೋದರೊಳಗೆ ಏಪ್ರಿಲ್ ಮುಗಿದಿರುತ್ತೆ. ತೊಗರಿ ಮಾರಿದ ರೊಕ್ಕ ಕೈಯಲ್ಲಿ ಇರೋದು ಜನವರಿಯಿಂದ ಮಾರ್ಚ್. ಆಗಲೇ ಕಸದ ಗಾಡಿಯ ಮೈಕಿನಲ್ಲಿ ಕೂಗಿಸಿದರೆ ನಾಲ್ಕು ಜನ ರೊಕ್ಕ ಎತ್ತಿಟ್ಟುಕೊಳ್ತಾರೆ.

ಹಳೇ ಲೆಕ್ಕಿಗ

ಸಂಘದ ತಂಗೀ, ನಲವತ್ತು ಪುಟದ ಆಡಿಟ್ ವರದಿ ಬರೆದವರಿಗೂ ಇದು ಹೊಳೆದಿರಲಿಲ್ಲ. ಬಾಕಿ ಅನ್ನೋದು ಕೊಡದವರಿಂದ ಎಷ್ಟು ಬೆಳೆಯುತ್ತೋ ಕೇಳದವರಿಂದಲೂ ಅಷ್ಟೇ ಬೆಳೆಯುತ್ತೆ.

ಹೊಸ ಲೇಔಟ್

ಅನುಮತಿ ಇಲ್ಲದ ಲೇಔಟಿನ ಸೈಟುಗಳಿಗೆ ಕೊಡೋ ಬಿ-ಖಾತಾದಿಂದ ಈ ವರ್ಷ ಒಳ್ಳೇ ಆದಾಯ ಬಂದಿರಬೇಕಲ್ಲ? 2025ರ ಫೆಬ್ರವರಿಯಲ್ಲಿ ಅಭಿಯಾನ ಶುರುವಾದಾಗ ನಾನೂ ಸಾಲಲ್ಲಿ ನಿಂತು ಮಾಡಿಸಿದೆ. ಮೊದಲ ಸಲ ಅಂತ ದುಪ್ಪಟ್ಟು ತೆರಿಗೆ ಕಟ್ಟಿಸಿಕೊಂಡರು.

ಹಳೇ ಲೆಕ್ಕಿಗ

ಬಂದಿರುತ್ತೆ. ಅದೇ ನನಗೆ ಹೆದರಿಕೆ. ದುಪ್ಪಟ್ಟು ಬರೋದು ಒಂದೇ ಸಲ, ಆಮೇಲೆ ನೀವು ಎಲ್ಲರಂತೆ ಒಂದು ಪಟ್ಟು ಕಟ್ತೀರಿ. ಈ ವರ್ಷ ಬಂದ ಅಂಕಿಯನ್ನು ಮುಂದಿನ ವರ್ಷದ ಸಾಲಿಗೂ ಬರೆದು, ಅದರ ಮೇಲೆ ಹತ್ತು ಪರ್ಸೆಂಟ್ ಏರಿಸಿದರೆ ಮುಗೀತು ಕಥೆ. ಒಮ್ಮೆ ಬಂದ ರೊಕ್ಕ ಒಮ್ಮೆ ಮಾಡುವ ಕೆಲಸಕ್ಕೇ ಹೋಗಬೇಕು. ಆ ಸೋರುವ ವಾಲ್ವ್‌ಗಳು, ಮಧ್ಯಾಹ್ನ ಉರಿಯುವ ದೀಪಕ್ಕೆ ಟೈಮರ್, ಮೋಟರ್ ಒಂದು ಸ್ಪೇರ್. ಅದರಿಂದ ಮುಂದಿನ ವರ್ಷದ ಕರೆಂಟ್ ಬಿಲ್ ಇಳಿಯುತ್ತೆ.

ಗಂಜ್ ಅಂಗಡಿ

ಎಲ್ಲಾ ಸರಿ ಸರ್. ಆದರೆ ಮಳಿಗೆ ಬಾಡಿಗೆ ಮಾತ್ರ ಮುಟ್ಟಬೇಡಿ ಅಂತ ಹೇಳಿ.

ಹೈಸ್ಕೂಲ್ ಮೇಡಂ

ಅಣ್ಣಾ, ತಪ್ಪು ತಿಳಿಬೇಡಿ, ನಿಮ್ಮದು ನಗರಸಭೆ ಮಳಿಗೆನಾ? ಬಾಡಿಗೆ ಎಷ್ಟು ತಿಂಗಳದ್ದು ಕಟ್ಟಿದ್ದೀರಿ?

ಗಂಜ್ ಅಂಗಡಿ

...

ಗಂಜ್ ಅಂಗಡಿ

ಐದು ತಿಂಗಳದ್ದು ಬಾಕಿ ಇದೆ ಮೇಡಂ. ಹೇಳಿದ್ನಲ್ಲ, ವ್ಯಾಪಾರ ಇಲ್ಲ. ಆದರೆ ನನ್ನ ಬಾಡಿಗೆ ಕಡಿಮೆ ಅನ್ನೋದೂ ನಿಜ, ಪಕ್ಕದ ಖಾಸಗಿ ಮಳಿಗೆಯವನು ನನ್ನ ಮೂರು ಪಟ್ಟು ಕೊಡ್ತಾನೆ. ನಮ್ಮ ಸಾಲಿನಲ್ಲಿ ಕೆಲವರು ನಗರಸಭೆಗೆ ಸಣ್ಣ ಬಾಡಿಗೆ ಕಟ್ಟಿ, ಒಳಗೊಳಗೆ ಬೇರೆಯವರಿಗೆ ದೊಡ್ಡ ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂತಿದ್ದಾರೆ. ಏರಿಸೋದಾದರೆ ಅವರಿಂದ ಶುರು ಮಾಡಿ. ನಾನೇ ಅಂಗಡಿಯಲ್ಲಿ ಕೂಡೋನು, ನನಗೆ ಕಂತು ಕೊಡಿ.

ಬಸ್‌ಸ್ಟ್ಯಾಂಡ್ ಹಿಂದಿನವ

ನಿಜ ಹೇಳಿದ್ದಕ್ಕೆ ಅಣ್ಣನಿಗೆ ಒಂದು ಚಹಾ ನನ್ನ ಕಡೆಯಿಂದ. ಲೆಕ್ಕಿಗ ಸರ್, ಸಭೆಯಲ್ಲಿ ನಮಗೆ ಮಾತಾಡೋಕೆ ಎರಡು ನಿಮಿಷ ಸಿಗಬಹುದು. ಏನು ಕೇಳೋಣ?

ಹಳೇ ಲೆಕ್ಕಿಗ

ರಸ್ತೆ ಕೇಳಬೇಡಿ, ಚರಂಡಿ ಕೇಳಬೇಡಿ. ಅದನ್ನು ಕೇಳೋರು ನೂರು ಜನ ಇರ್ತಾರೆ. ಕಾಮಗಾರಿ ಪಟ್ಟಿಯ ನಡುವೆ ಒಂದು ಗೆರೆ ಎಳೆಯಿರಿ ಅಂತ ಕೇಳಿ. ಗೆರೆಯ ಮೇಲೆ ಸಂಬಳ, ಕರೆಂಟ್, ನೀರು, ಕಸ, ರಿಪೇರಿ. ಇವಕ್ಕೆ ಏಪ್ರಿಲ್ 1ರಿಂದಲೇ ಖಾತ್ರಿ ರೊಕ್ಕ, ಅದೂ ಮೂರು ವರ್ಷದ ನಿಜ ವಸೂಲಿ ನೋಡಿ ಬರೆದ ಆದಾಯದಿಂದ. ಗೆರೆಯ ಕೆಳಗೆ ಹೊಸ ಕಾಮಗಾರಿ. ಅನುದಾನ ಖಾತೆಗೆ ಬಿದ್ದ ಮೇಲೆಯೇ ಅದಕ್ಕೆ ಟೆಂಡರ್. ಮೂರು ತಿಂಗಳಿಗೊಮ್ಮೆ ಎಷ್ಟು ಬಂತು ಅಂತ ನೋಡಿ ಗೆರೆಯನ್ನು ಕೆಳಗೆ ಇಳಿಸುತ್ತಾ ಹೋಗೋದು. ಬಜೆಟ್ ಚಿಕ್ಕದಾಗಿ ಕಾಣುತ್ತೆ, ಚಪ್ಪಾಳೆ ಬೀಳಲ್ಲ. ಇದನ್ನು ಒಪ್ಪೋಕೆ ಎಲ್ಲರೂ ಹಿಂದೆಮುಂದೆ ನೋಡೋದು ಅದಕ್ಕೇ.

ನೀರಿನ ಕೆಲಸದವ

ರಿಪೇರಿಗೆ ಬೇರೆ ಸಾಲು ಕೇಳೋದು ಮರೀಬೇಡಿ. "ಇತರೆ" ಅನ್ನೋದರಲ್ಲಿ ಸೇರಿಸಿದರೆ ಅದು ಶಾಮಿಯಾನಕ್ಕೆ ಹೋಗುತ್ತೆ.

ಬಸ್‌ಸ್ಟ್ಯಾಂಡ್ ಹಿಂದಿನವ

ಸಭೆ ಮುಗಿಸಿ ಬಂದೆ. ಐದು ಜನ ಹೋಗಿದ್ದೆವು. ಮೇಡಂ ಎದ್ದು ನಿಂತು ಮೂರು ವರ್ಷದ ಡಿಸಿಬಿ ಕೇಳಿದರು. ಸಭಾಂಗಣ ಒಂದು ಕ್ಷಣ ಸುಮ್ಮನಾಯ್ತು. ಪುಸ್ತಕದಲ್ಲಿ ಇರಲಿಲ್ಲ, ಆದರೆ ಲೆಕ್ಕ ಶಾಖೆಯವರೊಬ್ಬರು ಒಳಗೆ ಹೋಗಿ ಒಂದು ಹಾಳೆ ತಂದು, ಫೋಟೊ ಹೊಡೆದುಕೊಳ್ಳಿ ಅಂದರು. ಕೊಟ್ಟವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಕೇಳಿದ್ದಕ್ಕೆ ಖುಷಿ ಇದ್ದಂಗಿತ್ತು. ಮೋಟರ್ ರಿಪೇರಿಗೆ ಬೇರೆ ಸಾಲು ಹಾಕ್ತೀವಿ ಅಂತ ಒಪ್ಪಿದರು. ನೀರಿನ ಕರ ತಿಂಗಳು ತಿಂಗಳು ವಸೂಲಿ ಮಾಡೋಕೆ ನಾಲ್ಕು ವಾರ್ಡಿನಲ್ಲಿ ನೋಡೋಣ ಅಂದರು. ಗೆರೆ ಎಳೆಯೋ ಮಾತಿಗೆ ಮಾತ್ರ "ಎರಡನೇ ಸಭೆಯಲ್ಲಿ ಚರ್ಚಿಸೋಣ" ಅಂದು ಚಹಾ ಕಡೆ ತಿರುಗಿದರು. ಡಿಸಿಬಿ ಫೋಟೊ ಇಲ್ಲಿ ಹಾಕಿದ್ದೀನಿ.

ಹಳೇ ಲೆಕ್ಕಿಗ

ತಮ್ಮಾ, ಮೂರನೇ ಸಾಲು ಕಾಣುತ್ತಿಲ್ಲ. ಕಾಗದದ ಮೇಲೆ ಏನೋ ಎಣ್ಣೆ ಕಲೆ ಇದೆ.

ಬಸ್‌ಸ್ಟ್ಯಾಂಡ್ ಹಿಂದಿನವ

ಮಿರ್ಚಿ ಭಜಿ ಸರ್. ಒಂದು ಕೈಯಲ್ಲಿ ಪ್ಲೇಟ್ ಇತ್ತು. ನಾಳೆ ಹೋಗಿ ಮತ್ತೆ ಹೊಡೆದು ತರ್ತೀನಿ.

ಗಂಜ್ ಅಂಗಡಿ

ಮೂರನೇ ಸಾಲು ಮಳಿಗೆ ಬಾಡಿಗೆ ಬಾಕಿ ಅಲ್ವಾ? ಅವಸರ ಏನಿಲ್ಲ ತಮ್ಮಾ, ನಿಧಾನಕ್ಕೆ ತಾ.